ಬಿಳಿ ಧೋತರದ ದಿನಗಳು

ಬೆಳಿಗ್ಗೆ ಮಾಳಿಗೆಯ ಮೇಲೆ ಅಪ್ಪನ ಹಳೆಯ ಬಿಳಿ ಧೋತರ ಕಟ್ಟುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಅದು ಕಪ್ಪಿಟ್ಟಿದ್ದರೆ ಕಾರ್ಖಾನೆಗಳ ಕಡೆಯ ಗಾಳಿ ಎಂದರ್ಥ. ಅಂದು ನನ್ನ ಹೆಂಡತಿ ಸುರೇಖಾ ಶ್ಯಾವಿಗೆ ಹರವುವುದಿಲ್ಲ. ಬಿಳಿಯಾಗಿಯೇ ಇದ್ದರೆ ಹರವಿ, ಕಾಗೆ ಓಡಿಸುತ್ತಾ ಸಂಜೆಯವರೆಗೆ ಅಲ್ಲೇ ಕೂರುತ್ತಾಳೆ. ಹನ್ನೆರಡು ವರ್ಷದಿಂದ ಇದೇ ಪದ್ಧತಿ. ಭಾಗ್ಯನಗರದಲ್ಲಿ ನಮ್ಮ ಶ್ಯಾವಿಗೆಗೆ ಹೆಸರಿದೆ.

ಬಿಳಿ ದಿನಗಳು ಚೆಂದ. ಆಕಾಶ ತೊಳೆದ ಗಾಜಿನಂತೆ. ಕೊಪ್ಪಳದ ಕೋಟೆ ಗುಡ್ಡ ನೆಲ ಬಿಟ್ಟು ಬಿಸಿಲಲ್ಲಿ ತೇಲುತ್ತದೆ. ಶ್ಯಾವಿಗೆಯ ಎಳೆಗಳ ನಡುವೆ ಕೂತ ಸುರೇಖಾಳೂ ಅರ್ಧ ಬೆಳಕೇ ಆದಂತೆ ಕಾಣುತ್ತಾಳೆ.

ಆದರೆ ಈಚೆಗೆ ಇಂಥ ದಿನವೇ ಅವಳಿಗೆ ಉಬ್ಬಸ. ಮೊನ್ನೆ ಮೆಟ್ಟಿಲ ಮೇಲೆ ಕುಸಿದಳು, ತುಟಿ ನೀಲಿಯಾಗಿತ್ತು. ಎರಡು ದಿನ ದವಾಖಾನೆ.

ಆಶಾ ಕಾರ್ಯಕರ್ತೆ ಅಫ್ಸಾನಾ ಮನೆಗೆ ಬಂದು ತನ್ನ ನೋಟುಬುಕ್ಕುಗಳನ್ನು ಹರಡಿದಳು.

"ಎಂಟು ವರ್ಷದ್ದು ಬರದೀನ್ರಿ ಅಣ್ಣಾರ. ಓಣ್ಯಾಗ ಉಬ್ಬಸ ಆದೋರು ವರ್ಷಾ ವರ್ಷಾ ಹೆಚ್ಚಾಗ್ಯಾರ. ಬ್ಯಾಸಗಿ ಮಧ್ಯಾಹ್ನ, ಬಿಸಿಲು ಛಲೋ ಬಿದ್ದ ದಿನಾನ ಭಾಳ."

ನನಗೆ ಸಿಟ್ಟು ಬಂತು. "ಬಟ್ಟಿ ಬಿಳಿ ಇತ್ತಲ್ಲವಾ! ನಾನೇನ ಕುರುಡ ಅದೀನೇನು?"

"ಧೂಳಾದ್ರ ಬಟ್ಟಿ ಮ್ಯಾಲ ಕಾಣತೈತ್ರಿ. ಇದು ಗಾಡಿ ಹೊಗಿ, ಕಾರ್ಖಾನಿ ಹೊಗಿ ಬಿಸಿಲಾಗ ಬೆಂದು ಆಗೂದು. ಓಝೋನ್ ಅಂತಾರ. ಬಣ್ಣಿಲ್ಲ. ಎದಿ ಸುಡತೈತಿ."

"ಓಝೋನ್ ನಮ್ಮನ್ನ ಕಾಯ್ತೈತಿ ಅಂತ ಸಾಲ್ಯಾಗ ಮಾಸ್ತರು ಹೇಳಿದ್ರು."

"ಆಕಾಶದಾಗ ಇದ್ರ ಕಾಯ್ತೈತ್ರಿ. ಕೆಳಗ ಮೂಗಿನ ಮುಂದ ಇದ್ರ?"

ಮಂಚದ ಮೇಲಿಂದ ಸುರೇಖಾ ಗೊಣಗಿದಳು: "ಶ್ಯಾವಗಿ ಛಲೋ ಕಾದಾರ ತಗೋ ಯವ್ವಾ. ನನ್ನ ಕಾಯೂದು ಮರತಾರ."

ಬೈಯಲು ಬಾಯಿ ತೆರೆದೆ. ಆದರೆ 'ಬಿಳಿ ಐತಿ, ಹತ್ತು' ಎಂದು ಅವಳನ್ನು ಮೇಲೆ ಕಳಿಸುತ್ತಿದ್ದವನು ನಾನೇ.

ವಾರದ ನಂತರ ಧೋತರ ಮತ್ತೆ ಹಾಲಿನಷ್ಟು ಬಿಳಿ. ಸುರೇಖಾ ಬುಟ್ಟಿ ಎತ್ತಿಕೊಂಡಳು. ಕಸಿದುಕೊಂಡೆ. "ಕೆಳಗ ಕುಂದ್ರು!" ಎಂದು ಗದರಿ, ನಾನೇ ಮೇಲೆ ಹೋಗಿ ಶ್ಯಾವಿಗೆ ಹರವಿದೆ. ಧೋತರ ಬಿಚ್ಚಿ ಅದರ ಮೇಲೆ ಹೊದಿಸಿ, ಅಂಚಿಗೆ ಕಲ್ಲಿಟ್ಟು ಇಳಿದೆ. ತೆಳು ಬಟ್ಟೆ. ಬಿಸಿಲು ಇಳಿಯುತ್ತದೆ, ಕಾಗೆ ಇಳಿಯುವುದಿಲ್ಲ.

"ಇದು ಹನ್ನೆರಡು ವರ್ಷದ ಹಿಂದ ಹೊಳೀಲಿಲ್ಲೇನ್ರಿ?" ಎಂದಳು.

ಕದ ಮುಂದೆ ಮಾಡಿ ನೆಲದ ತಂಪಿನಲ್ಲಿ ಒರಗಿದೆವು. ಅರೆನಿದ್ದೆಯಲ್ಲೂ ನನಗೆ ಮೇಲೆ ಧೋತರ ಗಾಳಿಗೆ ಉಬ್ಬಿ ಇಳಿಯುವುದು ಕಾಣುತ್ತಲೇ ಇತ್ತು. ಪಕ್ಕದಲ್ಲಿ ಸುರೇಖಾಳ ಉಸಿರು ಸಿಳ್ಳೆಯಿಲ್ಲದೆ ಬಂದು ಹೋಗುತ್ತಿತ್ತು. ಹೊರಗೆ ಆ ಚೆಂದದ ಬಿಸಿಲು. ಅವಳಿಗೆ ಎಚ್ಚರವಾಗದಂತೆ, ಮೆಲ್ಲಗೆ, ಅದನ್ನು ಮನಸಾರೆ ಬೈದೆ.