ಪಾಪೆಯಿಂದ ಪಾಪೆಗೆ

ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅಕ್ಕ ಎಲೆಕ್ಟ್ರಾನಿಕ್ಸ್ ಅಂಗಡಿಯ ಎರಡನೆಯ ಮಹಡಿಯಲ್ಲಿ, ಗಿರಾಕಿಗಳು ಕೂರುವ ಸೋಫಾದ ಮೇಲೆ ಚಪ್ಪಲಿ ಬಿಟ್ಟು ಅಂಗಾತ ಮಲಗಿದಳು. ಮುಖದ ಮೇಲೆ, ಕಣ್ಣೆದುರು ದೊಡ್ಡ ಪರದೆ ತೋರಿಸುವ ಎಆರ್ ಕನ್ನಡಕವಿತ್ತು. ಅವಳು ಪರೀಕ್ಷಿಸುತ್ತಿದ್ದ ಮೂರನೆಯ ಕನ್ನಡಕ ಅದು.

"ಮೇಡಂ, ಕೂತ್ಕೊಂಡು ನೋಡಿದ್ರೂ ಪರದೆ ಅಷ್ಟೇ ದೊಡ್ಡದು," ಎಂದ ಮಾರಾಟದವನು, ಮ್ಯಾನೇಜರ್ ನೋಡುತ್ತಿದ್ದಾನೇನೋ ಎಂದು ಅತ್ತ ಇತ್ತ ಕಣ್ಣು ಹಾಯಿಸುತ್ತ.

"ನೋಡೋನು ಮಲಗೇ ಇರ್ತಾನೆ. ನಾನೂ ಮಲಗೇ ನೋಡ್ಬೇಕು."

ಮೊದಲನೆಯದರಲ್ಲಿ ಚಿತ್ರ ಅಗಲವಾಗಿ, ಚೆನ್ನಾಗಿ ಬರುತ್ತಿತ್ತು. ತೂಕ ಎಂಬತ್ತೇಳು ಗ್ರಾಂ. ಮಲಗಿದರೆ ಅಷ್ಟೂ ಮೂಗಿನ ಮೇಲೆ ಕೂರುತ್ತಿತ್ತು. ಎರಡನೆಯದು ಹಗುರ, ಆದರೆ ಕೇಬಲ್ ಕಿವಿಯ ಹಿಂದೆ ಹೊರಟು ದಿಂಬಿಗೆ ಒತ್ತಿಕೊಂಡು ಫ್ರೇಮನ್ನೇ ಮೇಲೆತ್ತುತ್ತಿತ್ತು. ಇದರ ಕೇಬಲ್ ಪಕ್ಕಕ್ಕೆ ಬಾಗಿತ್ತು. ಮಾರಾಟದವನು ಒಂದು ಗುಂಡಿ ತೋರಿಸಿದ. ಒತ್ತಿದೊಡನೆ ಪರದೆ ಚಾವಣಿಗೆ ಅಂಟಿಕೊಂಡಿತು. ತಲೆ ಅಲ್ಲಾಡಿಸಿದರೂ ಕದಲಲಿಲ್ಲ. ಟ್ಯೂಬ್‌ಲೈಟ್ ಇದ್ದ ಕಡೆ ಒಂದು ಕೆಂಪು ಕಾರು ಧೂಳೆಬ್ಬಿಸಿಕೊಂಡು ಓಡುತ್ತಿತ್ತು.

"ಯಾರಿಗೆ ಮೇಡಂ?"

"ತಮ್ಮನಿಗೆ. ಏಣಿಯಿಂದ ಬಿದ್ದು ಬೆನ್ನಿನ ಮೂಳೆ ಬಿರುಕು ಬಿಟ್ಟಿದೆ. ಇನ್ನೂ ಐದು ವಾರ ಏಳೋ ಹಾಗಿಲ್ಲ. ಗೇಮ್ ಹುಚ್ಚು ಅವನಿಗೆ. ಫೋನ್ ಎತ್ತಿ ಹಿಡಿದೂ ಹಿಡಿದೂ ಎರಡು ಸಲ ಮೂಗಿನ ಮೇಲೇ ಬೀಳಿಸ್ಕೊಂಡಿದ್ದಾನೆ."

"ಅಯ್ಯೋ. ಕೆಳಗೆ ಯಾರೂ ಏಣಿ ಹಿಡಿದಿರಲಿಲ್ವಾ?"

"ನಾನೇ ಹಿಡಿದಿದ್ದೆ," ಎಂದಳು ಅಕ್ಕ, ಕನ್ನಡಕ ತೆಗೆಯದೆ. "ಅವನೇ ಜಾಸ್ತಿ ಚಾಚಿದ."

ಗುರುತು ಪರಿಚಯವಿಲ್ಲದವನಿಗೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಆರು ವಾರಗಳಲ್ಲಿ ಆ ಮಾತು ಬಾಯಿಪಾಠವಾಗಿತ್ತು.

ನಡೆದದ್ದು ಇಷ್ಟು. ತಮ್ಮ ಲಿಫ್ಟ್ ಮೆಕ್ಯಾನಿಕ್. ಭಾನುವಾರ ನಾಲ್ಕು ಗಂಟೆಗೆ ಹಜಾರದ ಗೋಡೆಗೆ ಬಣ್ಣ ಬಳಿಯಲು ಏಣಿ ಹತ್ತಿದ್ದ. ಕೆಳಗಿನ ಮೆಟ್ಟಿಲ ಮೇಲೆ ಒಬ್ಬರು ಕಾಲಿಟ್ಟು ನಿಂತಿರದೆ ಏಣಿ ಹತ್ತಬಾರದೆಂಬುದು ಅವನ ಕಸುಬಿನ ನಿಯಮ. ಮನೆಯಲ್ಲೂ ಅದನ್ನು ಮುರಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಕ್ಕನ ಫೋನು ರಿಂಗಾಯಿತು. ಅವಳು ಅವನಿಗೆ ಹೇಳದೆ ಮೆಟ್ಟಿಲ ಮೇಲಿನ ಕಾಲು ತೆಗೆದು ಒಳಗೆ ಹೋದಳು. ಗೋಡೆಗೆ ಮುಖ ಮಾಡಿದ್ದ ಅವನಿಗೆ ಗೊತ್ತಾಗಲಿಲ್ಲ. ಏಣಿಯ ಬುಡ ನುಣುಪು ನೆಲದ ಮೇಲೆ ಜಾರಿತು. ಅವಳು ಓಡಿಬಂದಾಗ ನೆಲದ ಮೇಲಿದ್ದ ಅವನು ಕೇಳಿದ ಮೊದಲ ಮಾತು, "ನಾನು ಜಾಸ್ತಿ ಚಾಚಿದ್ನಾ?"

"ಹೂಂ," ಎಂದಿದ್ದಳು.

ಅಂದಿನಿಂದ ಅಮ್ಮ ಅವನಿಗೆ ತುತ್ತು ತಿನ್ನಿಸುವಾಗಲೆಲ್ಲ ಅದೇ ರಾಗ. "ಹದಿನಾಲ್ಕು ಮಹಡಿ ಲಿಫ್ಟ್ ಬಾವಿಗೆ ಇಳಿಯೋ ಶೂರ, ಏಳಡಿ ಏಣಿಯಿಂದ ಉದುರಿದ. ಕೋತಿಗಾದ್ರೂ ಕೊಂಬೆ ಹಿಡಿಯೋದು ಗೊತ್ತು." ತಮ್ಮ ನಗುತ್ತಿದ್ದ. ಅಕ್ಕ ಲೋಟ ತೊಳೆಯಲು ಏಳುತ್ತಿದ್ದಳು.

ಕೊಂಡದ್ದು ಮೂರನೆಯದನ್ನು. ಅದಕ್ಕೆ ಒಳಗಿನಿಂದ ಸಿಕ್ಕಿಸುವ ಒಂದು ಪುಟ್ಟ ಚೌಕಟ್ಟಿತ್ತು. ದೃಷ್ಟಿದೋಷವಿದ್ದವರು ತಮ್ಮ ಪವರಿನ ಲೆನ್ಸನ್ನು ಅದರಲ್ಲಿ ಕೂರಿಸಿಕೊಳ್ಳಬೇಕು. ಅದು ಅಕ್ಕನದೇ ಕೆಲಸ. ಒಂಬತ್ತು ವರ್ಷದಿಂದ ಅವಳು ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಲೆನ್ಸ್ ಕತ್ತರಿಸಿ ಫ್ರೇಮಿಗೆ ಕೂರಿಸುತ್ತಿದ್ದಳು. ಪವರ್ ತಿಳಿಯುವುದು ಕಷ್ಟವಾಗಲಿಲ್ಲ: ಬಿದ್ದಾಗ ಒಡೆದಿದ್ದ ಅವನ ಕನ್ನಡಕದ ಚೂರುಗಳನ್ನು ಯಂತ್ರಕ್ಕಿಟ್ಟು ನೋಡಿದಳು, ಮೈನಸ್ ನಾಲ್ಕೂವರೆ. ಚೂರುಗಳಿಂದ ತಿಳಿಯದ್ದು ಒಂದೇ, ಒಂದು ಕಣ್ಣಿನ ಪಾಪೆಯಿಂದ ಇನ್ನೊಂದು ಕಣ್ಣಿನ ಪಾಪೆಗಿರುವ ಅಂತರ. ಲೆನ್ಸಿನ ನಡುಬಿಂದು ಪಾಪೆಯ ಎದುರಿಗೇ ಬರಬೇಕು.

ಅದನ್ನು ಅಳೆಯುವ ಕ್ರಮ ಸರಳ. ಅಳೆಯುವವರು ಎದುರು ಕೂತು, ಮೂಗಿನ ಮೇಲೆ ಅಳತೆಪಟ್ಟಿ ಇಟ್ಟು, ತಮ್ಮದೊಂದು ಕಣ್ಣು ಮುಚ್ಚಿ, ತೆರೆದ ಕಣ್ಣನ್ನೇ ನೋಡಲು ಹೇಳಬೇಕು. ಆಮೇಲೆ ಇನ್ನೊಂದು ಕಣ್ಣು. ಒಂದು ಮೊಳ ದೂರದಲ್ಲಿ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಅರ್ಧ ನಿಮಿಷ. ಹೊಸ ಕೆಲಸಗಾರರು ಗಿರಾಕಿಯ ಹಳೆಯ ಕಾರ್ಡು ನೋಡಿ ಅಳತೆ ಬರೆದರೆ ಅಕ್ಕ ರೇಗುತ್ತಿದ್ದಳು. "ತಲೆ ಬೆಳೆಯುತ್ತೆ ಕಣ್ರೀ, ಕಾರ್ಡು ಬೆಳೆಯಲ್ಲ," ಎಂಬ ಅವಳ ಮಾತು ಅಂಗಡಿಯಲ್ಲಿ ಗಾದೆಯಾಗಿತ್ತು.

ತಮ್ಮನ ಹಳೆಯ ಕಾರ್ಡು ಡ್ರಾಯರಿನಲ್ಲಿತ್ತು. ಅವನಿಗೆ ಹದಿಮೂರಾಗಿದ್ದಾಗಿನದು. ಐವತ್ತೊಂಬತ್ತು ಮಿಲಿಮೀಟರ್ ಎಂದಿತ್ತು. ಅಕ್ಕ ತಮ್ಮನ ಎದುರು ಕೂರದೆ, ಆ ಅಂಕಿಯನ್ನೇ ಹಾಕಿ ಲೆನ್ಸ್ ಕತ್ತರಿಸಿದಳು.

"ಸೂಪರ್ ಅಕ್ಕ! ಥಿಯೇಟರನ್ನೇ ಚಾವಣಿಗೆ ಮೊಳೆ ಹೊಡೆದಂಗಿದೆ," ಎಂದ ತಮ್ಮ. ಅಮ್ಮ ಒಂದು ಸಲ ಹಾಕಿಕೊಂಡು ನೋಡಿ, ಎದುರು ಬಂದ ಕಾರಿಗೆ ಹೆದರಿ ಕಿತ್ತಿಟ್ಟಳು. ಆ ವಾರ ಅಕ್ಕನಿಗೆ ಚೆನ್ನಾಗಿ ನಿದ್ದೆ ಬಂತು.

ಎಂಟನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಅಕ್ಕ ಎರಡು ಗಂಟೆಗೇ ಮನೆಗೆ ಬಂದಳು. ತಮ್ಮ ಕನ್ನಡಕ ಹಾಕಿಕೊಂಡು ಆಡುತ್ತಿದ್ದ. ಅವಳ ಸದ್ದಿಗೆ ಬೆಚ್ಚಿ, ಅದನ್ನು ತೆಗೆದು ಹೊದಿಕೆಯೊಳಗೆ ಸೇರಿಸಿದ. ಅವಳು ಕೈ ಹಾಕಿ ಎಳೆದು ನೋಡಿದಳು. ಎಡಗಡೆಯ ಲೆನ್ಸಿಗೆ ಕಾಗದ ಅಂಟಿಸಿತ್ತು.

"ಇದೇನೋ?"

"ಏನಿಲ್ಲ. ಎರಡೂ ಕಣ್ಣಲ್ಲಿ ನೋಡಿದ್ರೆ ತಲೆ ಸಿಡಿಯುತ್ತೆ. ಒಂದರಲ್ಲಿ ಪರವಾಗಿಲ್ಲ."

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದ. ನೀನು ಅಂಗಡೀಲಿ ಮಲಗಿ ನೋಡಿ ತಂದಿದ್ದೀಯ, ಹೆಂಗೆ ಹೇಳ್ಲಿ?"

ಅವಳು ಕಾಗದ ಕಿತ್ತಳು. ಅವನ ಕಂಪನಿಯ ಲಕೋಟೆಯ ಚೂರು. ದಿಂಬಿನ ಪಕ್ಕದಲ್ಲಿ ಆ ಲಕೋಟೆಯಲ್ಲಿ ಬಂದ ಕಾಗದ ಬಿಚ್ಚಿ ಬಿದ್ದಿತ್ತು. ಎತ್ತರದ ಕೆಲಸದಿಂದ ಉಗ್ರಾಣಕ್ಕೆ ಕಾಯಂ ವರ್ಗಾವಣೆ, ನೌಕರರ ಕೋರಿಕೆಯ ಮೇರೆಗೆ. ಸಹಿಯ ಜಾಗ ಖಾಲಿ ಇತ್ತು.

"ಇದು ನಿನ್ನ ಕೋರಿಕೆನಾ?"

"ಸಾಹೇಬ್ರು ಬಲವಂತ ಮಾಡ್ಲಿಲ್ಲ. ನಾನೇ ಕೇಳ್ದೆ." ತಮ್ಮ ಚಾವಣಿ ನೋಡುತ್ತ ಹೇಳಿದ. "ಚಾಚಿದ್ದು ನನಗೆ ನೆನಪೇ ಇಲ್ಲ ಅಕ್ಕ. ಎಷ್ಟು ಯೋಚಿಸಿದ್ರೂ ಬರಲ್ಲ. ನನಗೇ ಗೊತ್ತಿಲ್ದೆ ಚಾಚ್ತೀನಿ ಅಂದ್ರೆ ಲಿಫ್ಟ್ ಬಾವಿಗೆ ಇಳಿದಾಗ ಇನ್ನೇನು ಮಾಡ್ತೀನೋ. ಜೊತೆಗಾರನನ್ನೂ ಸಾಯಿಸ್ತೀನಿ. ಮೊಳೆ ನಟ್ಟು ಎಣಿಸ್ಕೊಂಡಿದ್ರೆ ಎಲ್ಲರಿಗೂ ಕ್ಷೇಮ."

ಅಕ್ಕ ಚೀಲದಿಂದ ಅಳತೆಪಟ್ಟಿ ತೆಗೆದಳು. ಮಂಚದ ಅಂಚಿಗೆ ಕೂತು, ಅವನ ಮುಖದ ಮೇಲೆ ಬಾಗಿದಳು.

"ನನ್ನ ಎಡಗಣ್ಣು ನೋಡು."

ಅವನು ನೋಡಿದ.

"ಈಗ ಬಲಗಣ್ಣು."

"ಮೂಗಿಗೆ ಕಚಗುಳಿ ಆಗ್ತಿದೆ."

"ಸುಮ್ನಿರು." ಅವಳು ಎರಡು ಸಲ ಅಳೆದಳು. "ಅರವತ್ತನಾಲ್ಕು. ನಾನು ಐವತ್ತೊಂಬತ್ತಕ್ಕೆ ಹಾಕಿದ್ದೆ."

"ಐದು ಮಿಲಿಮೀಟರಿಗೆ ಇಷ್ಟು ತಲೆನೋವಾ? ನಿನ್ನ ಕೈಲಿ ತಪ್ಪೇ ಆಗಲ್ವಲ್ಲ."

"ಏಣಿ ಬಿಟ್ಟಿದ್ದೆ," ಎಂದಳು ಅಕ್ಕ. ಮುಖ ಇನ್ನೂ ಅವನ ಮುಖದ ಮೇಲೇ ಇತ್ತು. "ನೀನು ಚಾಚಲಿಲ್ಲ. ನಾನು ಕಾಲು ತೆಗೆದು ಒಳಗೆ ಹೋಗಿದ್ದೆ, ಫೋನಿಗೆ."

ತಮ್ಮ ಅವಳ ಕೈಯಲ್ಲಿದ್ದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಎಷ್ಟು ಹೊತ್ತು?"

"ಒಂದೂವರೆ ನಿಮಿಷ."

"ಯಾರ ಫೋನು?"

"ವಿಮೆ ಮಾರೋಳದ್ದು."

"ಮಾಡಿಸ್ಕೊಂಡ್ಯಾ?"

"ಇಲ್ಲ."

ಅವನಿಗೆ ನಗು ಬಂದಂತಾಗಿ, ಬೆನ್ನು ನೊಂದು, ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಅವಳ ಕಡೆ ನೋಡಲಿಲ್ಲ. ವರ್ಗಾವಣೆಯ ಕಾಗದಕ್ಕೆ ಕೈ ಚಾಚಿ, ಅದನ್ನು ಎದೆಯ ಮೇಲಿಟ್ಟು ಅಡ್ಡಡ್ಡ ಹರಿದ. ನಾಲ್ಕು ಚೂರಾದ ಮೇಲೆ ಅವಳ ಕೈಗೆ ಕೊಟ್ಟ.

"ಅಮ್ಮನಿಗೆ ನೀನೇ ಹೇಳು. ನಾನು ಹೇಳಲ್ಲ."

ಅಮ್ಮ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದದ್ದು ಆರು ನಲವತ್ತಕ್ಕೆ. ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು; ಆ ಒಂದು "ಹೂಂ" ಅನ್ನೂ ಬಿಡಲಿಲ್ಲ. ಅಮ್ಮ ಚೀಲ ಕೆಳಗಿಡದೆ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದಳು.

ಏಳೂವರೆಗೆ ತಮ್ಮನನ್ನು ಮಗ್ಗುಲು ತಿರುಗಿಸಬೇಕಿತ್ತು. ಅದು ಇಬ್ಬರ ಕೆಲಸ: ಒಬ್ಬರು ಭುಜ ಹಿಡಿಯಬೇಕು, ಒಬ್ಬರು ಸೊಂಟ. ಆರಂಭದಿಂದಲೂ ಭುಜ ಅಮ್ಮನದು, ಸೊಂಟ ಅಕ್ಕನದು. ಅಕ್ಕ ಎದ್ದು ಮಂಚದ ಬಳಿ ಹೋಗಿ ನಿಂತಳು. ಅಮ್ಮ ಮೆಟ್ಟಿಲಿಳಿದು ಹೋಗಿ ಸೊಂಟ ಹಿಡಿಯಲು ಕೆಳಗಿನ ಮನೆಯ ಟೈಲರನ್ನು ಕರೆದುಕೊಂಡು ಬಂದಳು.