ಪಂಚನ ಮೂಗು

ಗದಗಿನಲ್ಲಿ ನಡೆದ ತರಬೇತಿಗೆ ನಮ್ಮ ಠಾಣೆಯಿಂದ ಹೋದವನು ಹೆಡ್ ಕಾನ್‌ಸ್ಟೆಬಲ್ ದೇವಪ್ಪ. ಊಟ ಚೆನ್ನಾಗಿರುತ್ತದೆಂದು ಹೋದ, ಸುಳ್ಳೇಕೆ ಹೇಳಲಿ. ಆದರೆ ಬೆಂಗಳೂರಿನಿಂದ ಬಂದ ಅಧಿಕಾರಿ ಪರದೆಯ ಮೇಲೆ ಸುಟ್ಟ ಕೈಗಳನ್ನೂ ನೀಲಿಗಟ್ಟಿದ ತುಟಿಗಳನ್ನೂ ತೋರಿಸತೊಡಗಿದ ಮೇಲೆ ಅವನ ಹತ್ತಿರ ತೂಕಡಿಕೆ ಸುಳಿಯಲಿಲ್ಲ. ಕಳ್ಳಭಟ್ಟಿ ಬೇರೆ, ರಾಸಾಯನಿಕ ಕಾಯಿಸಿ ಮಾದಕ ಪುಡಿ ಮಾಡುವ ಅಡ್ಡೆ ಬೇರೆ ಎಂದರು ಅಧಿಕಾರಿ. ಒಳಗೆ ಕಾಲಿಡಬೇಡಿ, ದೀಪ ಹಚ್ಚಬೇಡಿ, ಏನನ್ನೂ ಮೂಸಬೇಡಿ. ತಜ್ಞರ ತಂಡ ಬರುವವರೆಗೆ ದೂರ ನಿಲ್ಲಿ. ಆಮೇಲೆ ತಲೆಯಿಂದ ಪಾದದವರೆಗೆ ಮುಚ್ಚುವ ಒಂದು ಉಡುಪು ತೋರಿಸಿದರು. ತಂದದ್ದು ಅದೊಂದೇ.

ದೇವಪ್ಪ ಎದ್ದು ನಿಂತ. “ಸರ್, ಪಂಚರಿಗೆ ಈ ಸೂಟ್ ಯಾರು ಕೊಡ್ತಾರ್ರಿ?”

ಎಲ್ಲರೂ ನಕ್ಕರು. “ಒಳ್ಳೆಯ ಪ್ರಶ್ನೆ, ಮೇಲಕ್ಕೆ ಬರೆಯೋಣ” ಎಂದರು ಅಧಿಕಾರಿ. ಹಾವೂ ಸಾಯದ, ಕೋಲೂ ಮುರಿಯದ ಉತ್ತರ.

ಅವನು ಕೇಳಿದ್ದು ಫಕ್ರುಸಾಬನನ್ನು ನೆನೆದು. ಠಾಣೆಯೆದುರು ಚಹಾ ಮಾರುವ ಫಕ್ರುಸಾಬ ನಮ್ಮ ಕಾಯಂ ಪಂಚ. ಪೊಲೀಸರು ಏನು ವಶಪಡಿಸಿಕೊಂಡರೂ ಅದನ್ನು ಕಣ್ಣಾರೆ ಕಂಡು ಪಂಚನಾಮಾಕ್ಕೆ ಸಹಿ ಹಾಕಲು ಊರಿನವರು ಬೇಕು. ಕೋರ್ಟು ಮೆಟ್ಟಿಲು ಹತ್ತುವ ಉಸಾಬರಿ ಯಾರಿಗೆ ಬೇಕು? ಫಕ್ರುಸಾಬ ಮಾತ್ರ ಬರುತ್ತಿದ್ದ. ಕಳ್ಳಭಟ್ಟಿ ಸಿಕ್ಕರೆ ಪಂಚರು ಮೂಸಿ ನೋಡಿ ‘ಹೌದು, ಇದು ಸರಾಯಿ’ ಎನ್ನುವುದು ನಮ್ಮಲ್ಲಿ ರೂಢಿ. ಒಮ್ಮೆ ಅವಸರದಲ್ಲಿ ದೇವಪ್ಪ ಅವನಿಂದ ಮೂಸದೆಯೇ ಸಹಿ ಹಾಕಿಸಿಕೊಂಡಿದ್ದ. ಲಕ್ಷ್ಮೇಶ್ವರದ ಕೋರ್ಟಿನಲ್ಲಿ ವಕೀಲರು ಕೇಳಿದಾಗ ಫಕ್ರುಸಾಬ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಸು ಬಿತ್ತು. ಎಲ್ಲರೆದುರು ಛೀಮಾರಿ ಬಿದ್ದದ್ದು ಮಾತ್ರ ಫಕ್ರುಸಾಬನಿಗೆ. ಅಂದಿನಿಂದ ಮೂಸದೆ ಸಹಿಯಿಲ್ಲ ಎಂದು ಹಟ ಹಿಡಿದಿದ್ದ.

ಆ ಚಳಿಗಾಲದಲ್ಲಿ ನಮ್ಮ ಕಡೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಬಂದವರು, ಆಚೆಯ ಪಾಳುಬಿದ್ದ ಕೋಳಿ ಫಾರ್ಮಿನಿಂದ ಕಣ್ಣುರಿಸುವ ಹೊಗೆ ಬರುತ್ತಿದೆ ಎಂದು ಖಬರು ಕೊಟ್ಟರು. ನಾವು ಹೋಗುವಷ್ಟರಲ್ಲಿ ಕಾಯಿಸುವವರು ಓಡಿಹೋಗಿದ್ದರು. ದೇವಪ್ಪ ಕಲಿತದ್ದನ್ನು ಮರೆತಿರಲಿಲ್ಲ. ಸುತ್ತ ಹಗ್ಗ ಕಟ್ಟಿಸಿದ. ಎಸ್‌ಐ ಸೋಮೇಶ ಸಾಹೇಬರಿಗೆ ಹೇಳಿ ತಜ್ಞರ ತಂಡವನ್ನು ಕರೆಸಿದ. ಜೀಪಿನಿಂದಿಳಿದ ಫಕ್ರುಸಾಬನನ್ನು ಬೇವಿನ ಮರದ ಕೆಳಗೆ ಕೂರಿಸಿದ.

“ಇವತ್ತ ಮೂಗಿನ ಕೆಲಸ ಇಲ್ಲ, ಫಕ್ರು. ಅದು ಸರಾಯಿ ಅಲ್ಲ, ವಿಷ.”

“ಮೂಸಲಾರದ ಸೈ ಹೆಂಗ ಮಾಡ್ಲಿ, ದೇವಪ್ಪಣ್ಣ? ನಾಳೆ ಕೋರ್ಟಿನ್ಯಾಗ ಕೇಳಿದ್ರ?”

“ನಾ ಅದೀನಲ್ಲ.”

“ಆವತ್ತೂ ನೀನ ಇದ್ದಿ.”

ಅಷ್ಟರಲ್ಲಿ ತಜ್ಞರ ವ್ಯಾನು ದಾರಿ ತಪ್ಪಿದೆಯೆಂದು ಫೋನು ಬಂತು. ಕರೆತರಲು ಸಾಹೇಬರು ದೇವಪ್ಪನನ್ನೇ ರಸ್ತೆಗೆ ಕಳಿಸಿದರು. ಅವನು ತಿರುಗಿ ಬರುವಾಗ ಫಕ್ರುಸಾಬ ಹಗ್ಗ ದಾಟಿ, ಫಾರ್ಮಿನ ಗೋಡೆಯ ಬದಿಯಲ್ಲಿದ್ದ ಕ್ಯಾನಿನ ಮುಚ್ಚಳ ತೆರೆದು, ಬಗ್ಗಿ, ಗಟ್ಟಿಯಾಗಿ ಉಸಿರೆಳೆದುಕೊಳ್ಳುತ್ತಿದ್ದ. ಹಗ್ಗದ ಬಳಿಯಿದ್ದ ಪೊಲೀಸ್ ಅವನನ್ನು ತಡೆದಿರಲಿಲ್ಲ. ಪಂಚ ನಮ್ಮವನು, ಅವನನ್ನು ಇಷ್ಟು ವರ್ಷ ಯಾರು ತಡೆದಿದ್ದರು?

ಫಕ್ರುಸಾಬ ಕೆಮ್ಮಿದ, ಕಣ್ಣೊರೆಸಿಕೊಂಡ. “ಏನೂ ಆಗಿಲ್ಲ ತಗೋ” ಎಂದ. ಸಂಜೆಯ ಹೊತ್ತಿಗೆ ಉಸಿರು ಸಿಗದೆ ಗೋಡೆ ಹಿಡಿದು ನಿಂತ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಪುಪ್ಪುಸದಲ್ಲಿ ನೀರು ತುಂಬುತ್ತಿದೆ ಎಂದರು. ಉಳಿಯುತ್ತಾನೆ ಎಂದು ಮಾತ್ರ ಹೇಳಲಿಲ್ಲ.

ಮರುದಿನ ಸಾಹೇಬರು ದೇವಪ್ಪನ ಕೈಗೆ ಪಂಚನಾಮಾ ಕೊಟ್ಟು, ಸಹಿ ಹಾಕಿಸಿಕೊಂಡು ಬಾ ಎಂದು ಕಳಿಸಿದರು. ತಿದ್ದಿದ ಕಾಗದ ನಡೆಯುವುದಿಲ್ಲ ಎಂದೂ ಹೇಳಿದರು. ದೇವಪ್ಪನಿಗೆ ತನ್ನ ನೌಕರಿಯ ಮೇಲೆಯೇ ಹೇಸಿಕೆ ಬಂತು. ಆದರೂ ಹೋದ.

ಫಕ್ರುಸಾಬನಿಗೆ ಕನ್ನಡ ಓದಲು ಬಾರದು. ಮುಖಕ್ಕೆ ಕಟ್ಟಿದ್ದ ಆಕ್ಸಿಜನ್ ಸರಿಸಿ, “ಓದು” ಎಂದ. ದೇವಪ್ಪ ಓದಿದ. ಠಾಣೆಯ ರೈಟರ್ ರೂಢಿಯಂತೆ ಬರೆದಿದ್ದ ಸಾಲೂ ಬಂತು: ‘ಪಂಚರು ಮೂಸಿ ನೋಡಿ, ಇದು ಮಾದಕ ವಸ್ತುವೇ ಎಂದು ಖಾತ್ರಿಪಡಿಸಿದರು.’

“ಮೂಸಿದ್ದು ಖರೆ. ಖಾತ್ರಿ ಮಾತ್ರ ಸುಳ್ಳ. ಅದೇನಂತ ನನಗ ತಿಳೀಲೇ ಇಲ್ಲ. ಆ ಮಾತ ತಗಿ.”

ತೆಗೆದರೆ ಮತ್ತೆ ಬರೆಸಬೇಕು, ಮತ್ತೆ ಬರಬೇಕು. ಅಲ್ಲಿಯವರೆಗೆ ಈ ಮನುಷ್ಯ ಇರುವುದಿಲ್ಲ, ಇವನ ಜೀವ ತಿಂದ ಕೇಸೂ ಇರುವುದಿಲ್ಲ. ದೇವಪ್ಪ ಮುಚ್ಚಳ ತೆಗೆಯದೆಯೇ ಪೆನ್ನನ್ನು ಆ ಸಾಲಿನ ಮೇಲೆ ಎಳೆದ.

“ತಗದೆ” ಎಂದ.

ಫಕ್ರುಸಾಬ ಉರ್ದುವಿನಲ್ಲಿ ಸಹಿ ಹಾಕಿದ. “ಈ ಸಲ ಕೋರ್ಟಿನ್ಯಾಗ ತಲಿ ಎತ್ತಿ ನಿಂದರ್ತೀನಿ” ಎಂದ.

ಮರುದಿನ ಮಧ್ಯಾಹ್ನ ಅವನ ಹೆಣ ಊರಿಗೆ ಬಂತು. ಓಡಿಹೋದವರು ಇನ್ನೂ ಸಿಕ್ಕಿಲ್ಲ. ಆ ಸಾಲು ಪಂಚನಾಮಾದಲ್ಲಿ ಹಾಗೇ ಇದೆ, ಕೆಳಗೆ ಅವನ ಸಹಿಯೂ ಇದೆ.