ಶೇಕಡ ಇಪ್ಪತ್ತೆಂಟು

ಮೊದಲ ಸಲ ವೈದ್ಯಕೀಯ ಮಂಡಳಿಯ ಮುಂದೆ ಹೋಗುವಾಗ ವೈಜಯಂತಿಗೆ ನಾನೇ ರೇಷ್ಮೆ ಸೀರೆ ಉಡಿಸಿದ್ದೆ. ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿ, ಡೆಲ್ಲಿಯ ಐ.ಎನ್.ಎ. ಮಾರ್ಕೆಟ್ಟಿನಿಂದ ತರಿಸಿದ ಮಲ್ಲಿಗೆ ಮುಡಿಸಿದ್ದೆ. ಅವಳಿಗೆ ಆಗ ನಲವತ್ತನಾಲ್ಕು ವರ್ಷ. ನನ್ನ ಅಣ್ಣನ ಮಗಳು.

ಅವಳ ಕಾಯಿಲೆ ನೂರಕ್ಕೆ ಎಷ್ಟು ಎಂದು ಬರೆದುಕೊಡುವುದು ಮಂಡಳಿಯ ಕೆಲಸ. ಕಾಯಿಲೆ ಅಂದರೆ ಹೆದರಿಕೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಂದು ದಿನ ಎದೆ ಹೊಡೆದುಕೊಳ್ಳಲು ಶುರುವಾದದ್ದು, ಇವತ್ತಿನವರೆಗೂ ಪೂರ್ತಿ ನಿಂತಿಲ್ಲ. ದಿನಾ ಮಾತ್ರೆ ನುಂಗುತ್ತಾಳೆ, ತಿಂಗಳಿಗೊಮ್ಮೆ ಡಾಕ್ಟರನ್ನು ನೋಡುತ್ತಾಳೆ. ಆರ್.ಕೆ.ಪುರಂನಲ್ಲಿ ನಮ್ಮ ಸೆಕ್ಟರಿನ ನಾಲ್ಕು ರಸ್ತೆ ಬಿಟ್ಟು ಆಚೆಗೆ ಒಬ್ಬಳೇ ಕಾಲಿಡುವುದಿಲ್ಲ.

ಅಣ್ಣ ಇಂದುಶೇಖರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಅವನು ತೀರಿಕೊಂಡ ಮೇಲೆ ಪಿಂಚಣಿ ಅತ್ತಿಗೆಗೆ ಬರುತ್ತಿತ್ತು. ಹೋದ ವರ್ಷ ಅತ್ತಿಗೆಯೂ ಹೋದರು. ದುಡಿದು ತಿನ್ನಲು ಆಗದ ಮಗಳಿದ್ದರೆ ಆ ಪಿಂಚಣಿ ಅವಳಿಗೆ ಕೊನೆಯವರೆಗೂ ಬರುತ್ತದಂತೆ. ಆದರೆ ಕಚೇರಿಯವರಿಗೆ ಮಂಡಳಿಯ ಕಾಗದ ಬೇಕು. ಅದರಲ್ಲಿ ನಲವತ್ತಕ್ಕಿಂತ ಕಡಿಮೆ ಇರಬಾರದು.

ಕಾಯಿಲೆಯವರ ಜೊತೆ ಇರುವವರನ್ನೂ ಕೇಳುವುದು ಅವರ ಪದ್ಧತಿ. ಡಾಕ್ಟರು ಹಿಂದಿಯಲ್ಲಿ ಕೇಳಿದರು, ನನಗೆ ಬಂದ ಹಿಂದಿಯಲ್ಲಿ ನಾನು ಹೇಳಿದೆ.

"ಮನೆ ಕೆಲಸ ಮಾಡ್ತಾರಾ?"

"ಎಲ್ಲಾ ಮಾಡ್ತಾಳೆ. ಇವಳ ಕೈಯ ಸಾರು ಒಂದು ಸಲ ಊಟ ಮಾಡಿದವರು ಮರೆಯೋದಿಲ್ಲ."

"ಜನರ ಜೊತೆ ಬೆರೀತಾರಾ?"

"ಮಾತು ಕಡಿಮೆ. ಆದರೆ ದೊಡ್ಡವರು ಅಂದರೆ ತುಂಬಾ ಮರ್ಯಾದೆ."

"ಮನೆತನದಲ್ಲಿ ಬೇರೆ ಯಾರಿಗಾದರೂ ಮನಸ್ಸಿನ ಕಾಯಿಲೆ?"

"ನಮ್ಮ ಮನೆತನದಲ್ಲಾ? ಛೆ, ಯಾರಿಗೂ ಇಲ್ಲ."

ಹಾಡೂ ಬರುತ್ತದೆ ಎಂದು ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಹದಿನೈದು ದಿನಕ್ಕೆ ಕಾಗದ ಬಂತು. ಶೇಕಡ ಇಪ್ಪತ್ತೆಂಟು.

ವೈಜಯಂತಿಯ ತಮ್ಮ ಹೃಷಿಕೇಶ ಅದನ್ನು ಎರಡು ಸಲ ಓದಿದ. ಅವನೂ ಸರ್ಕಾರಿ ನೌಕರ, ನಾವಿದ್ದದ್ದು ಅವನ ಕ್ವಾರ್ಟರ್ಸಿನಲ್ಲೇ.

"ಅತ್ತೆ, ಅಲ್ಲಿ ನಿಜವಾಗಿ ಏನು ಹೇಳಿದ್ರಿ?"

ಹೇಳಿದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಅತ್ತೆ, ಅವರು ಹೆಣ್ಣು ನೋಡೋಕೆ ಬಂದಿರಲಿಲ್ಲ."

ಅವನು ಹೇಳುವವರೆಗೂ ನನಗೆ ಹೊಳೆದಿರಲಿಲ್ಲ. ವೈಜಯಂತಿಯ ಇಪ್ಪತ್ತೆರಡನೇ ವಯಸ್ಸಿನಿಂದ ಮೂವತ್ತನಾಲ್ಕರವರೆಗೆ ಹದಿನೇಳು ಸಲ ಗಂಡಿನ ಕಡೆಯವರು ಬಂದಿದ್ದರು. ಹದಿನೇಳು ಸಲವೂ ನಾನೇ ಅವರಿಗೆ ಎದುರಾಗಿ ಕೂತು ಉತ್ತರ ಕೊಟ್ಟಿದ್ದೆ. ಅವಳು ನಡುವೆ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೆ, ಹುಡುಗಿಗೆ ನಾಚಿಕೆ ಎನ್ನುತ್ತಿದ್ದೆ. ಮೂರು ಜನ ಅಪರಿಚಿತರು ಸಾಲಾಗಿ ಕೂತು ಹುಡುಗಿಯ ಬಗ್ಗೆ ಕೇಳಿದರೆ ನನ್ನ ಬಾಯಿಗೆ ಬರುವ ಉತ್ತರ ಒಂದೇ ಬಗೆಯದು.

ಅದೇ ವಾರ ಹೃಷಿಕೇಶನಿಗೆ ನಾಗಪುರಕ್ಕೆ ವರ್ಗವಾಯಿತು. ಜೂನ್ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ಪಿಂಚಣಿ ಸಿಕ್ಕರೆ ನಾನೂ ಅವಳೂ ಪಕ್ಕದ ಮೊಹಮ್ಮದ್‌ಪುರದಲ್ಲಿ ಒಂದು ರೂಮು, ಅಡುಗೆಮನೆ ಹಿಡಿಯಬಹುದು. ಸಿಗದಿದ್ದರೆ ಅವಳೂ ನಾಗಪುರಕ್ಕೆ. ಹೃಷಿಕೇಶ ಕೆಟ್ಟವನಲ್ಲ, ಕರೆದುಕೊಂಡು ಹೋಗುತ್ತೇನೆ ಎಂದ. ಆದರೆ ಹಾಲಿನ ಬೂತು, ಔಷಧಿ ಅಂಗಡಿ, ದೇವಸ್ಥಾನ, ಪಾರ್ಕು, ಈ ನಾಲ್ಕು ಜಾಗಕ್ಕೆ ಒಬ್ಬಳೇ ಹೋಗಿ ಬರುವುದನ್ನು ರೂಢಿಸಿಕೊಳ್ಳಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು. ನಾಗಪುರದಲ್ಲಿ ಮತ್ತೆ ಬಾಗಿಲ ಹೊಸ್ತಿಲಿನಿಂದ ಶುರು ಮಾಡಬೇಕು.

"ಅಲ್ಲಿ ನಾನು ಹಾಲಿಗೆ ಹೋಗೋ ಹೊತ್ತಿಗೆ ನನಗೆ ಐವತ್ತೈದು ಆಗಿರುತ್ತೆ" ಎಂದಳು ವೈಜಯಂತಿ.

ಮೇಲ್ಮನವಿ ಹಾಕಿದೆವು. ಎರಡು ತಿಂಗಳ ನಂತರದ ತಾರೀಖು ಕೊಟ್ಟರು.

ಮೇಲ್ಮನವಿ ಬರೆದುಕೊಟ್ಟವಳು ಲಾವಣ್ಯಾ. ಹಾಸನದ ಕಡೆಯ ಹುಡುಗಿ, ಇಲ್ಲಿ ಕಾನೂನು ಓದುತ್ತಾಳೆ, ಹಿಂದಿನ ಬ್ಲಾಕಿನಲ್ಲಿ ಬಾಡಿಗೆಗಿದ್ದಾಳೆ. ಭಾನುವಾರ ಭಾನುವಾರ ಬಂದು ಡಾಕ್ಟರ ಹಾಗೆ ಕೂತು ನಮಗೆ ಅಭ್ಯಾಸ ಮಾಡಿಸುತ್ತಿದ್ದಳು.

"ಹೇಳಿ ಅಜ್ಜಿ, ಇವರು ಅಡುಗೆ ಮಾಡ್ತಾರಾ?"

"ಮಾಡ್ತಾಳೆ. ಆದರೆ ನಾನು ಅಡುಗೆಮನೆಯಲ್ಲೇ ಇರಬೇಕು. ಗ್ಯಾಸ್ ಆರಿಸಿದೀನಾ ಅಂತ ಹತ್ತು ಸಲ ನೋಡ್ತಾಳೆ."

"ಅಚ್ಛಾ, ಗುಡ್. ಆಮೇಲೆ?"

"ಆದರೂ ರುಚಿ ಮಾತ್ರ..."

"ಅಜ್ಜೀ! ಮತ್ತೆ ವರನ ತಾಯಿಗೆ ಉತ್ತರ ಕೊಟ್ರಿ."

ವೈಜಯಂತಿ ಬಾಗಿಲ ಹತ್ತಿರ ನಿಂತು ನಗುತ್ತಿದ್ದಳು. "ಬಿಡು ಲಾವಣ್ಯಾ, ಜಾತಕ ಒಂದು ಕೇಳಿಬಿಡು. ಅತ್ತೆ ಅದನ್ನೂ ಮಡಿಚಿ ಇಟ್ಕೊಂಡಿದ್ದಾರೆ" ಎಂದಳು.

ಮಾತಿನಲ್ಲಿ ನನ್ನನ್ನು ನಂಬುವಂತಿಲ್ಲ ಎಂದು ಲಾವಣ್ಯಾಳಿಗೆ ಗೊತ್ತಾಯಿತು. ಒಂದು ನೋಟ್‌ಬುಕ್ ತಂದುಕೊಟ್ಟಳು. ಹದಿನೈದು ದಿನ, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಒಳ್ಳೆಯದು ಕೆಟ್ಟದ್ದು ಎನ್ನಬಾರದು.

ಬರೆದೆ. 'ಮಂಗಳವಾರ. ಕೊರಿಯರ್‌ನವನು ಬೆಲ್ ಮಾಡಿದ. ಬಚ್ಚಲಿಗೆ ಹೋದಳು. ಅವನು ಹೋದ ಮೇಲೂ ನಲವತ್ತು ನಿಮಿಷ ಬರಲಿಲ್ಲ. ಬುಧವಾರ. ಫೋನು ಆರು ಸಲ ಬಂತು, ತೆಗೆಯಲಿಲ್ಲ. ತಮ್ಮನದು ಎಂದು ಹೇಳಿದರೂ ತೆಗೆಯಲಿಲ್ಲ. ಗುರುವಾರ. ಪಾರ್ಕಿನ ಗೇಟಿನಲ್ಲಿ ಹೊಸ ಕಾವಲುಗಾರ ನಿಂತಿದ್ದ. ವಾಪಸು ಬಂದಳು. ಊಟ ಮಾಡಲಿಲ್ಲ.'

ನೋಟ್‌ಬುಕ್ಕನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. ಒಬ್ಬ ಹೆಂಗಸಿಗೆ ಏನೇನು ಆಗುವುದಿಲ್ಲ ಎಂದು ಸಾಲಾಗಿ ಬರೆದದ್ದನ್ನು ಅವಳೇ ಓದುವುದು ಬೇಡ ಅನ್ನಿಸಿತ್ತು. ಒಂಬತ್ತನೇ ದಿನ ತೆರೆದು ನೋಡಿದರೆ ನಲವತ್ತು ನಿಮಿಷ ಎಂಬುದಕ್ಕೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದು ಐವತ್ತೈದು ಎಂದು ಬರೆದಿತ್ತು. ಗುರುವಾರದ ಕೆಳಗೆ, 'ಶುಕ್ರವಾರವೂ ಊಟ ಮಾಡಲಿಲ್ಲ, ಮಾಡಿದೆ ಎಂದು ಅತ್ತೆಗೆ ಸುಳ್ಳು ಹೇಳಿದೆ.'

ಅವತ್ತಿನಿಂದ ನೋಟ್‌ಬುಕ್ಕನ್ನು ಊಟದ ಮೇಜಿನ ಮೇಲೇ ಇಡಲು ಶುರು ಮಾಡಿದೆ.

ಇನ್ನು ದಾರಿಯ ಅಭ್ಯಾಸ. ಮೊದಲ ಮಂಡಳಿ ಕೂತದ್ದು ನಮ್ಮ ಸೆಕ್ಟರಿನ ಪಕ್ಕದ ಆಸ್ಪತ್ರೆಯಲ್ಲಿ, ಮೇಲ್ಮನವಿಯದು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಮೆಟ್ರೋದಲ್ಲಿ ಆಸ್ಪತ್ರೆಗೆ ಹನ್ನೊಂದು ನಿಲ್ದಾಣ, ನಡುವೆ ಹೌಜ್ ಖಾಸ್‌ನಲ್ಲಿ ಗಾಡಿ ಬದಲಿಸಬೇಕು. ಆಟೋ ಅವಳಿಗೆ ಆಗುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಇಳಿಯಲಾಗದು ಎಂಬುದೇ ತಲೆಗೆ ಹತ್ತಿಕೊಳ್ಳುತ್ತದೆ. ಮೆಟ್ರೋದಲ್ಲಿ ಒಂದು ಉಪಾಯ ಕಂಡುಕೊಂಡೆವು. ಪ್ರತಿ ನಿಲ್ದಾಣದಲ್ಲೂ ಇಳಿಯುವುದು, ಬೆಂಚಿನ ಮೇಲೆ ಕೂರುವುದು, ಉಸಿರು ಸರಿಹೋದ ಮೇಲೆ ಬರುವ ಗಾಡಿ ಹತ್ತುವುದು. ಮೊದಲ ಭಾನುವಾರ ಎರಡು ನಿಲ್ದಾಣಕ್ಕೆ ವಾಪಸು ಬಂದೆವು. ಆರನೇ ಭಾನುವಾರ ಆಸ್ಪತ್ರೆಯ ಗೇಟು ಮುಟ್ಟಿದೆವು, ಮೂರು ಗಂಟೆ ಹಿಡಿಯಿತು. ಕಾವಲಿನ ಪೊಲೀಸಿನವಳು ನಮ್ಮನ್ನು ಗುರುತು ಹಿಡಿದು, "ಮಾತಾಜಿ, ಇವತ್ತೂ ಎಲ್ಲಾ ಸ್ಟೇಷನ್ ನೋಡ್ತೀರಾ?" ಎನ್ನುವಂತಾದಳು.

ವಿಚಾರಣೆಯ ಹಿಂದಿನ ದಿನ ಹೃಷಿಕೇಶ ನನ್ನನ್ನು ಬಾಲ್ಕನಿಗೆ ಕರೆದ.

"ಅತ್ತೆ, ನಾಳೆ ಬೆಳಿಗ್ಗೆ ಅಕ್ಕನಿಗೆ ಮಾತ್ರೆ ಕೊಡಬೇಡಿ. ನಡುಗಲಿ. ಅವರೂ ನೋಡಲಿ."

ಲಾವಣ್ಯಾಳಿಗೆ ಫೋನು ಮಾಡಿ ಕೇಳಿದೆ. "ಬೇಡ ಅಜ್ಜಿ, ದಿನಾ ಹೇಗೋ ಹಾಗೇ. ಮಾತ್ರೆ ತಗೊಂಡೂ ಎಷ್ಟು ಕಷ್ಟ ಅನ್ನೋದೇ ನಾವು ಹೇಳಬೇಕಾದ್ದು" ಎಂದಳು. ಹೃಷಿಕೇಶ, "ಆಯ್ತು, ನಂದು ತಪ್ಪು" ಎಂದ. ಬೆಳಿಗ್ಗೆ ವೈಜಯಂತಿ ಎಂದಿನ ಮಾತ್ರೆಯನ್ನು ತಾನೇ ತೆಗೆದು ನುಂಗಿದಳು. ದಿನಾ ಹಾಕುವ ಹಳೆಯ ಸಲ್ವಾರ್ ಕಮೀಜ್ ಹಾಕಿಕೊಂಡಳು. ಆರೂವರೆಗೆ ಹೊರಟು ಹತ್ತಕ್ಕೆ ತಲುಪಿದೆವು.

ವಿಚಾರಣೆ ಹನ್ನೊಂದೂವರೆಗೆ. ಈ ಸಲವೂ ಮೂವರು. ನಡುವೆ ಬಿಳಿ ಕೂದಲಿನ ಡಾಕ್ಟರಮ್ಮ. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಅದರಲ್ಲಿದ್ದದ್ದನ್ನು ಹಿಂದಿಯಲ್ಲಿ ಹೇಳಿದೆ. ಬಾಯಿ ಎರಡು ಸಲ ಹಳೆಯ ದಾರಿಗೆ ತಿರುಗಿತು, ಎರಡು ಸಲವೂ ನಿಲ್ಲಿಸಿದೆ. ಆಮೇಲೆ ಡಾಕ್ಟರಮ್ಮ ವೈಜಯಂತಿಯನ್ನೇ ಕೇಳಿದರು. ಅವಳು ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದಳು. ಅವಳು ಡೆಲ್ಲಿಯಲ್ಲಿ ಬೆಳೆದವಳು, ಹಿಂದಿ ನನಗಿಂತ ಎಷ್ಟೋ ಚೆನ್ನ.

"ಇಷ್ಟು ಸ್ಪಷ್ಟವಾಗಿ ಮಾತಾಡ್ತೀರಿ" ಎಂದರು ಪಕ್ಕದ ಡಾಕ್ಟರು. "ಒಂದು ಕೆಲಸ ಮಾಡೋಕೆ ಏನು ತೊಂದರೆ?"

ಅಭ್ಯಾಸದಲ್ಲಿ ಲಾವಣ್ಯಾ ಇದನ್ನು ಕೇಳಿರಲಿಲ್ಲ. ವೈಜಯಂತಿಯೇ ಹೇಳಿದಳು.

"ಸರ್, ಇದನ್ನೆಲ್ಲ ಎರಡು ತಿಂಗಳು ಬಾಯಿಪಾಠ ಮಾಡಿದೀನಿ. ಮಾಡದೇ ಇರೋದನ್ನು ಕೇಳಿ ನೋಡಿ."

ಡಾಕ್ಟರಮ್ಮ ಒಂದು ಚೀಟಿ ಬರೆದರು.

"ಸರಿ ಬೇಟಾ. ಈ ವರಾಂಡದ ಕೊನೆಯಲ್ಲಿ ಆರನೇ ಕೌಂಟರ್ ಇದೆ. ಇದನ್ನು ತೋರಿಸಿ ಒಂದು ಫಾರಂ ತಗೊಂಡು ಬನ್ನಿ. ಒಬ್ಬರೇ. ಆಗದಿದ್ದರೆ ವಾಪಸು ಬನ್ನಿ, ಪರವಾಗಿಲ್ಲ."

ವೈಜಯಂತಿ ಚೀಟಿ ತೆಗೆದುಕೊಂಡು ಎದ್ದಳು. ಬಾಗಿಲವರೆಗೆ ಹೋದಳು. ಬಾಗಿಲು ತೆರೆದೇ ಇತ್ತು. ವರಾಂಡ ತುಂಬ ಜನ, ಗಾಲಿಕುರ್ಚಿಗಳು, ಅಳುವ ಮಗು, ಹೆಸರು ಕೂಗುವ ಗುಮಾಸ್ತ. ಕೌಂಟರು ಮೂವತ್ತು ಹೆಜ್ಜೆ ಇರಬಹುದು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಒಂದು ಕಾಲು ಹೊರಗಿಟ್ಟಳು, ಒಳಗೆ ತೆಗೆದುಕೊಂಡಳು. ಬೆನ್ನಿನ ಮೇಲೆ ಕಮೀಜು ಒದ್ದೆಯಾಗುವುದು ನಾನು ಕೂತಲ್ಲಿಗೆ ಕಾಣುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷವಾಯಿತು. ಅವಳು ತಿರುಗಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಇಪ್ಪತ್ತೈದು ವರ್ಷದಿಂದ ನಾನು ಒಂದೇ ಕೆಲಸ ಮಾಡುತ್ತ ಬಂದಿದ್ದೆ. ಎದ್ದು ಹೋಗಿ, ಕೊಡು ಇಲ್ಲಿ ಎಂದು ಅವಳ ಕೈಯಲ್ಲಿದ್ದದ್ದನ್ನು ಇಸಕೊಳ್ಳುವುದು.

ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಎದ್ದರೆ ನಾಗಪುರ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಗಡಿಯಾರ ನೋಡುತ್ತ ಕೂತೆ, ಅವಳನ್ನು ನೋಡಲಿಲ್ಲ. ಐದು ನಿಮಿಷ. ಆರು. ಎಂಟನೇ ನಿಮಿಷದಲ್ಲಿ ಅವಳು ಚೌಕಟ್ಟಿಗೆ ಒರಗಿಕೊಂಡೇ ನೆಲಕ್ಕೆ ಕುಸಿದು ಕೂತಳು. ಚೀಟಿ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಡಾಕ್ಟರಮ್ಮನೇ ಎದ್ದು ಹೋಗಿ ನೀರು ಕೊಟ್ಟು, ಕೈ ಹಿಡಿದು ಕರೆತಂದು ಕೂರಿಸಿದರು. ಕೇಳಲೇಬೇಕಾಗಿತ್ತು, ಬೇಸರ ಮಾಡ್ಕೋಬೇಡಿ ಎಂದರು. ನನ್ನ ಕಡೆ ತಿರುಗಿದರು.

"ಮನೆಯಲ್ಲಿ ಹೀಗಾದಾಗ ಏನು ಮಾಡ್ತೀರಿ?"

"ನಾನು ಹೋಗಿ ತರ್ತೀನಿ."

"ಎಷ್ಟು ವರ್ಷದಿಂದ?"

"ಇಪ್ಪತ್ತೈದು."

ಅವರು ಬರೆದುಕೊಂಡರು.

ವಾಪಸು ಬರುವಾಗ ವೈಜಯಂತಿ ಪ್ರತಿ ನಿಲ್ದಾಣದಲ್ಲೂ ಇಳಿದಳು, ಆದರೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಗ್ರೀನ್ ಪಾರ್ಕಿನಲ್ಲಿ ಮೊದಲ ಸಲ ಮಾತಾಡಿದಳು.

"ನಾನು ನಿಮ್ಮನ್ನು ನೋಡಿದೆ ಅತ್ತೆ. ನೀವು ನೋಡಿದ್ರಿ. ಬರಲಿಲ್ಲ."

"ಬಂದಿದ್ದರೆ ಅವರಿಗೆ ಕಾಣ್ತಿರಲಿಲ್ಲ."

"ಗೊತ್ತು. ಗೊತ್ತಿಲ್ಲ ಅಂತ ಹೇಳಿದೀನಾ?"

ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಉಪ್ಪು ಎಲ್ಲಿದೆ ಎಂದು ಕೇಳಿದಳು. ಉಪ್ಪು ಇದ್ದದ್ದು ಎಂದಿನ ಜಾಗದಲ್ಲೇ. ನಾನು ತೋರಿಸಿದೆ.

ಮೂರು ವಾರಕ್ಕೆ ಕಾಗದ ಬಂತು. ಹೃಷಿಕೇಶ ಒಡೆದು ಓದಿ, "ಅಕ್ಕಾ, ಕಂಗ್ರಾ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಶೇಕಡ ನಲವತ್ತೇಳು ಎಂದು ಇತ್ತು. ಅವಳು ಕಾಗದ ಇಸಕೊಂಡು ಮುದ್ರೆ, ಸಹಿ, ತಾರೀಖು ಎಲ್ಲ ನೋಡಿದಳು.

"ಹಾಗಾದರೆ ಹಾಲಿನ ಬೂತು ಇದೇ" ಎಂದಳು.

"ಇದೇ."

ಹೃಷಿಕೇಶ ಕಚೇರಿಗೆ ಕೊಡಲು ನಕಲು ತೆಗೆಸಿಕೊಂಡು ಬರುತ್ತೇನೆಂದು ಹೊರಟ. ಅವನು ಮೆಟ್ಟಿಲು ಇಳಿಯುವವರೆಗೂ ಅವಳು ಕಾದಿದ್ದಳು.

"ಅತ್ತೆ, ಇನ್ನು ಮೇಲೆ ನಾನು ನೋಡಿದರೆ ಎದ್ದು ಬನ್ನಿ."

ಬರುತ್ತೇನೆ ಎಂದೆ.